ಹೊಳೆಗೆ ಕಿವಿಕೊಟ್ಟು ಮಲಗುವ ಮನೆ

ಚಿಕ್ಕಬಳ್ಳಾಪುರ, ಹೊರಡುವ ಮುಂಚೆ

ಬೆಟ್ಟದ ಹೊಳೆಗಳಲ್ಲಿ ಪ್ರವಾಹ ಬಂದರೆ ಎಷ್ಟು ಬರಬಹುದು, ಯಾರ ಮನೆಯವರೆಗೆ ಬರಬಹುದು ಎಂದು ಮೊದಲೇ ಅಂದಾಜು ಮಾಡುವುದನ್ನು ಕಲಿಸಲು ಆಸ್ಟ್ರಿಯಾದ ಒಂದು ಹಳ್ಳಿಯಲ್ಲಿ ಹತ್ತು ದಿನದ ತರಬೇತಿ, ಇಬ್ಬರನ್ನು ಕಳಿಸಿ ಎಂಬ ಪತ್ರ ಬಂದಾಗ ನಮ್ಮ ಕಚೇರಿಯಲ್ಲಿ ನಗದವರಿರಲಿಲ್ಲ. ನಮ್ಮ ಜಿಲ್ಲೆಯ ನಕ್ಷೆಯಲ್ಲಿ ನದಿಗಳಿವೆ, ಅವಕ್ಕೆ ಹೆಸರುಗಳಿವೆ, ಮೇಲೆ ಸೇತುವೆಗಳೂ ಇವೆ. ನೀರೊಂದು ಇಲ್ಲ. ನಾನು ಎಂಜಿನಿಯರ್ ಎನಿಸಿಕೊಂಡು ಇಪ್ಪತ್ತಾರು ವರ್ಷದಿಂದ ಮಾಡಿದ್ದೆಲ್ಲ ಕೆರೆಗಳ ಹೂಳು ತೆಗೆಸುವುದು, ಏರಿ ಭದ್ರ ಮಾಡಿಸುವುದು, ಎಂದಾದರೊಂದು ವರ್ಷ ಕೆರೆ ತುಂಬಿ ಕೋಡಿ ಹರಿದರೆ ಜನರ ಜತೆ ನಿಂತು ಕಣ್ತುಂಬ ನೋಡುವುದು.

ಹಾಗಿದ್ದೂ ನಾನೇ ಹೋದೆ, ಏಕೆಂದರೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಇದ್ದವರು ಇಬ್ಬರೇ. ಶ್ರೀಲಂಕಾ ನೋಡಿಬರೋಣ ಎಂದು ಮಾಡಿಸಿ, ಹೋಗದೆ ಬೀರುವಿನಲ್ಲಿಟ್ಟ ಪಾಸ್‌ಪೋರ್ಟ್ ನನ್ನದು. ಇನ್ನೊಂದು ನಮ್ಮ ಸರ್ವೇಯರ್ ಶಫಿಯದು. ಶಿಡ್ಲಘಟ್ಟದ, ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಮನೆತನದವರು, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರು, ಹೆಂಡತಿಯ ಜತೆ ಮೆಕ್ಕಾಗೆ ಹೋಗಿ ಉಮ್ರಾ ಮಾಡಿ ಬಂದವರು. ವಿಮಾನದಲ್ಲಿ ಕೂತ ಮೇಲೂ ಶಫಿಯವರಿಗೆ ಒಂದೇ ಅನುಮಾನ.

"ಮೇಡಂ, ಅವ್ರು ನೀರು ಜಾಸ್ತಿ ಅಂತ ಅಳ್ತಾರೆ, ನಾವು ನೀರಿಲ್ಲ ಅಂತ ಅಳ್ತೀವಿ. ಇಬ್ರೂ ಒಂದು ಕಡೆ ಕೂತ್ರೆ ಮಾತೇನಿರ್ತದೆ?"

ನನಗೂ ಅದೇ ಚಿಂತೆಯಿತ್ತು. ಆದರೆ ಮೇಲಧಿಕಾರಿಯಾಗಿ ಹಾಗೆ ಹೇಳುವಂತಿರಲಿಲ್ಲ, ಕಿಟಕಿಯ ಕಡೆ ತಿರುಗಿ ನಿದ್ದೆ ಬಂದವಳಂತೆ ಕೂತೆ.

ಮೊದಲ ದಿನ: ಹೊಳೆಯಲ್ಲಿ ಊಟ

ನಮಗೆ ಪಾಠ ಹೇಳುವ ಎಂಜಿನಿಯರ್ ಮಾರ್ಟಿನ್. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ, ಮೀಸೆ ಜಾಸ್ತಿ. ಮೊದಲ ದಿನ ಊರ ಮೇಲಿನ ಹೊಳೆಯ ದಂಡೆಗೆ ನಮ್ಮನ್ನು ಕರೆದುಕೊಂಡು ಹೋಗಿ, ಇಲ್ಲೇ ಸುತ್ತಾಡಿ, ಕಣ್ಣಿಗೆ ಬಿದ್ದದ್ದನ್ನು ಬರೆದುಕೊಳ್ಳಿ, ಊಟವಾದ ಮೇಲೆ ಮಾತಾಡೋಣ ಎಂದು ಹೇಳಿ ಕಾರಿನ ಕಡೆ ಹೋದ. ತರಬೇತಿಗೆ ಬೇರೆ ದೇಶಗಳಿಂದ ಬಂದವರು ಒಂದಷ್ಟು ಜನ ಇದ್ದರು. ಅವರೆಲ್ಲ ದಂಡೆಯ ಹುಲ್ಲಿನ ಮೇಲೆ ಡಬ್ಬಿ ಬಿಚ್ಚಿದರು.

ನಾನೂ ಶಫಿಯವರೂ ಹೊಳೆಗೆ ಇಳಿದೆವು. ಪಾತ್ರ ಅಗಲವಾಗಿತ್ತು, ನೀರು ಒಂದು ಪಕ್ಕಕ್ಕೆ ತೆಳ್ಳಗೆ ಹರಿಯುತ್ತಿತ್ತು, ಉಳಿದದ್ದೆಲ್ಲ ಬಿಸಿಲಿಗೆ ಬೆಚ್ಚಗಾದ ಬಂಡೆ. ನಮ್ಮ ಕಡೆ ಹಳ್ಳವೆಂದರೆ ದಾರಿ. ದನ ಹೋಗುವುದು ಹಳ್ಳದಲ್ಲಿ, ಟ್ರ್ಯಾಕ್ಟರ್ ಹೋಗುವುದು ಹಳ್ಳದಲ್ಲಿ. ಗೌರಿಬಿದನೂರಿನ ಕಡೆ ಹೊಳೆಯ ನಟ್ಟನಡುವೆ ಹುಡುಗರು ವಿಕೆಟ್ ನೆಟ್ಟು ಕ್ರಿಕೆಟ್ ಆಡುವುದನ್ನು ನೋಡಿದ್ದೇನೆ. ಸೈಟಿಗೆ ಹೋದಾಗ ನಾವು ಬುತ್ತಿ ಬಿಚ್ಚುವುದೂ ಅಲ್ಲೇ, ಮರಳು ಶುದ್ಧವಾಗಿರುತ್ತದೆ ಎಂದು. ಅದೇ ಅಭ್ಯಾಸದಲ್ಲಿ ಪಾತ್ರದ ಮಧ್ಯೆ ಒಂದು ಚಪ್ಪಟೆ ಬಂಡೆ ಹುಡುಕಿ, ಅದರ ಮೇಲೆ ಚಟ್ನಿಪುಡಿ ಪೊಟ್ಟಣ ಬಿಚ್ಚಿದೆವು.

ಸೀಟಿ ಕೇಳಿಸಿತು. ತಿರುಗಿ ನೋಡಿದರೆ ಮಾರ್ಟಿನ್ ಕಲ್ಲಿಂದ ಕಲ್ಲಿಗೆ ಹಾರುತ್ತಾ ನಮ್ಮ ಕಡೆ ಬರುತ್ತಿದ್ದ. ಬಂದವನೇ ನನ್ನ ಡಬ್ಬಿ ಎತ್ತಿಕೊಂಡು ದಂಡೆ ಹತ್ತಿಸಿದ. ಆಮೇಲೆ ಉಸಿರು ಸುಧಾರಿಸಿಕೊಂಡು, ನೀವು ಕೂತಿದ್ದ ಬಂಡೆ ಅಲ್ಲಿಗೆ ಹೇಗೆ ಬಂತು ಎಂದುಕೊಂಡಿರಿ ಎಂದು ಕೇಳಿದ.

"ಇಲ್ಲೇ ಇದ್ದದ್ದಲ್ಲವಾ?" ಎಂದೆ.

ಅಲ್ಲವಂತೆ. ಮೇಲಿನ ಕಣಿವೆಯಿಂದ ಉರುಳಿಕೊಂಡು ಬಂದದ್ದಂತೆ. ಇಲ್ಲಿ ಬಿಸಿಲಿದ್ದರೂ ಬೆಟ್ಟದ ಆಚೆ ಮಳೆ ಬೀಳುತ್ತಿರಬಹುದು, ಇಲ್ಲಿ ಕೂತವರಿಗೆ ತಿಳಿಯುವುದಿಲ್ಲ. "ನಿಮ್ಮಲ್ಲಿ ಪ್ರವಾಹವೆಂದರೆ ನೀರು ಬರುವುದು. ಇಲ್ಲಿ ಗುಡ್ಡವೇ ಬರುತ್ತದೆ, ನೀರು ಅದನ್ನು ತಳ್ಳಿಕೊಂಡು ಬರುವ ಆಳು ಅಷ್ಟೇ" ಎಂದ. ನನಗೆ ಮುಖ ತೋರಿಸಲಾಗದಷ್ಟು ನಾಚಿಕೆಯಾಯಿತು. ಅಪಾಯ ಅಂದಾಜು ಮಾಡಲು ಬಂದವರು ಅಪಾಯದ ಮೇಲೇ ಎಲೆ ಹಾಕಿಕೊಂಡು ಕೂತಿದ್ದೆವು.

ಊರು

ಮರುದಿನ ಊರು ಪೂರ್ತಿ ಕಾಣುವಷ್ಟು ಎತ್ತರಕ್ಕೆ ಮಾರ್ಟಿನ್ ನಮ್ಮನ್ನು ಹತ್ತಿಸಿದ. ಎರಡು ಬೆಟ್ಟಗಳ ಸಂದಿಯಿಂದ ಹೊಳೆ ಹೊರಬೀಳುವ ಜಾಗದಿಂದ ಶುರುವಾಗಿ, ಕೆಳಗಿನ ಬಯಲಿನವರೆಗೆ ಹರಡಿದ ಒಂದು ದಿಬ್ಬ. ಆ ದಿಬ್ಬದ ಮೇಲೆ ಮನೆಗಳು, ಚರ್ಚು, ಹುಲ್ಲುಗಾವಲು.

"ಕಣದಲ್ಲಿ ರಾಗಿ ರಾಶಿ ಹಾಕ್ದಂಗೈತೆ ನೋಡಿ ಮೇಡಂ" ಎಂದರು ಶಫಿ.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮಾರ್ಟಿನ್ ಶಫಿಯವರ ಕಡೆ ತಿರುಗಿ, ನೀವು ಹೇಳಿದ್ದು ಸರಿಯಾಗಿದೆ, ಆ ರಾಶಿ ಸುರಿದದ್ದು ಇದೇ ಹೊಳೆ, ಊರು ಅದರ ಮೇಲೆ ಕೂತಿದೆ ಎಂದ. ಹಾಗಾದರೆ ಜನ ಅಲ್ಲಿ ಯಾಕೆ ಮನೆ ಕಟ್ಟಿದರು ಎಂದು ಕೇಳಿದೆ. ಕೆಳಗೆ ಜೌಗು, ಪಕ್ಕದಲ್ಲಿ ಕಡಿದಾದ ಇಳಿಜಾರು, ಕಟ್ಟಲು ಬರುವ ನೆಲ ಇದ್ದದ್ದು ಅದೊಂದೇ ಎಂದ. ಇದು ನನಗೆ ಚೆನ್ನಾಗಿ ಅರ್ಥವಾಯಿತು. ಮಂಡಿಕಲ್ ಕಡೆ ಕೆರೆ ಏರಿಯ ಕೆಳಗೇ ಮನೆಗಳಿವೆ. ಏರಿ ಒಡೆದರೆ ಏನಾಗುತ್ತದೆ ಎಂದು ಅವರಿಗೂ ಗೊತ್ತು, ಆದರೆ ಬಾವಿಯಲ್ಲಿ ನೀರು ಸಿಗುವುದೂ ಅಲ್ಲೇ.

ಇಂಥ ಸಣ್ಣ ಹೊಳೆಗಳಿಗೆ ಅಳತೆಯ ಲೆಕ್ಕ ಇಟ್ಟವರಿಲ್ಲ. ಆದ್ದರಿಂದ ಮಾರ್ಟಿನ್ ಕಣಿವೆಯೊಳಗೆ ಹೋಗಿ, ಉರುಳಲು ತಯಾರಾಗಿ ನಿಂತ ಕಲ್ಲುಮಣ್ಣು ಎಷ್ಟಿದೆ ಎಂದು ಕಣ್ಣಳತೆಯಲ್ಲಿ ನೋಡುತ್ತಾನೆ. ದಾರಿ ಎಲ್ಲಿ ಕಿರಿದಾಗುತ್ತದೆ, ಮರದ ದಿಮ್ಮಿ ಎಲ್ಲಿ ಅಡ್ಡ ಸಿಕ್ಕಿಕೊಳ್ಳಬಹುದು ಎಂದು ಗುರುತು ಮಾಡಿಕೊಳ್ಳುತ್ತಾನೆ. ಆಮೇಲೆ ಉರುಳಿಬಂದ ಕಲ್ಲು ತಾಗಿ ಮರಗಳಿಗೆ ಆದ ಗಾಯ ನೋಡುತ್ತಾನೆ, ಮುದುಕರನ್ನು ಕೇಳುತ್ತಾನೆ. ಕೊನೆಗೆ ನಕ್ಷೆಗೆ ಬಣ್ಣ ಹಾಕುತ್ತಾನೆ. ಹಳದಿ ಇದ್ದರೆ ಕೆಲವು ಷರತ್ತು ಪಾಲಿಸಿ ಮನೆ ಕಟ್ಟಬಹುದು. ಕೆಂಪಾದರೆ ಹೊಸ ಮನೆ ಕಟ್ಟುವಂತಿಲ್ಲ. ಈ ಊರಿನ ಕರಡು ನಕ್ಷೆ ಆಗಲೇ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿತ್ತು. ತಕರಾರು ಇದ್ದವರು ಬರೆದು ಕೊಡಬಹುದು, ನಾವು ಹೊರಡುವ ಹಿಂದಿನ ದಿನ ವಿಚಾರಣೆ.

ಆನ್ನಮ್ಮನ ಅಡುಗೆಮನೆ

ನಮ್ಮಿಬ್ಬರನ್ನು ಇಳಿಸಿದ್ದು ಹೊಳೆಯ ಪಕ್ಕದ ಒಂದು ರೈತರ ಮನೆಯಲ್ಲಿ. ಮನೆಯ ಯಜಮಾನಿ ಆನ್ನಾ, ಎಪ್ಪತ್ತೈದು ದಾಟಿದವಳು. ಅವಳ ಮಗಳು ಏವಾ ಊರಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಏವಾಳ ಗಂಡ ವಾರವಿಡೀ ಲಾರಿ ಓಡಿಸುವವನು, ಎರಡು ವರ್ಷದ ಒಬ್ಬಳು ಮಗಳು. ಎರಡನೇ ದಿನಕ್ಕೇ ನಾನು ಆನ್ನಾಳನ್ನು ಆನ್ನಮ್ಮ ಎಂದು ಕರೆಯತೊಡಗಿದೆ, ಅವಳೂ ಓಗೊಟ್ಟಳು. ಅವಳಿಗೆ ಇಂಗ್ಲಿಷ್ ಬಾರದು, ಎಲ್ಲ ಮಾತೂ ಏವಾಳ ಬಾಯಿಂದ ದಾಟಿಬರಬೇಕು. ಆದರೂ ಆನ್ನಮ್ಮನ ಮಾತನ್ನು ನಾನಿಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ, ನನ್ನ ಕಿವಿಗೆ ಅದು ಹಾಗೇ ಕೇಳಿಸಿತು.

ಬಾಗಿಲಲ್ಲಿ ಚಪ್ಪಲಿ ಬಿಡಿಸುವ ಮನೆ ಅದು. ಅಷ್ಟಕ್ಕೇ ನನಗೆ ಅರ್ಧ ನೆಂಟಸ್ತನ ಬೆಳೆದಂತಾಯಿತು. ಬಂದವರಿಗೆಂದು ಉಣ್ಣೆಯ ಮನೆಚಪ್ಪಲಿಗಳ ಸಾಲೇ ಇತ್ತು. ಶಫಿಯವರ ಪಾದಕ್ಕೆ ಸಿಕ್ಕಿದ್ದು ಹೂವಿನ ಕಸೂತಿಯ ಕೆಂಪು ಜೋಡಿ ಮಾತ್ರ. ಹತ್ತು ದಿನವೂ ಅದನ್ನೇ ಗಂಭೀರವಾಗಿ ಹಾಕಿಕೊಂಡು ಓಡಾಡಿದರು. ಹಲಾಲ್ ಅಲ್ಲದ ಮಾಂಸ ಅವರು ಮುಟ್ಟುವುದಿಲ್ಲ ಎಂದು ತಿಳಿದ ಮೇಲೆ ಆನ್ನಮ್ಮ ಆಲೂಗಡ್ಡೆಯನ್ನು ಬೇಯಿಸಿ, ಹುರಿದು, ತುರಿದು, ಕಲಸಿ ಹೊತ್ತುಹೊತ್ತಿಗೂ ಬೇರೆ ಬೇರೆ ಮಾಡಿ ಬಡಿಸಿದಳು.

ಒಂದು ಸಂಜೆ ನಾನು ತಂದಿದ್ದ ರಾಗಿ ಹಿಟ್ಟಿನಲ್ಲಿ ಮುದ್ದೆ ತೊಳಸಿದೆ. ಏವಾ ಒಳಗೆ ಬಂದವಳು ಪಾತ್ರೆ ನೋಡಿ, ಸೀದುಹೋಯಿತಾ, ಪರವಾಗಿಲ್ಲ, ನಾನು ತೊಳೆದುಕೊಡುತ್ತೇನೆ ಎಂದಳು. ಸೀದಿಲ್ಲ, ಅದರ ಬಣ್ಣವೇ ಹಾಗೆ ಎಂದು ನಂಬಿಸಲು ಸಾಕುಸಾಕಾಯಿತು. ಅಗಿಯಬೇಡಿ, ನುಂಗಿ ಎಂದು ತೋರಿಸಿಕೊಟ್ಟೆ. ಏವಾ ಅಗಿದು ಕಷ್ಟಪಟ್ಟಳು. ಆನ್ನಮ್ಮ ಮಾತ್ರ ಹುಟ್ಟಿದಾಗಿನಿಂದ ತಿಂದವಳ ಹಾಗೆ ನುಂಗಿ, ಇನ್ನೊಂದು ತುತ್ತಿಗೆ ತಟ್ಟೆ ಮುಂದೆ ಮಾಡಿದಳು.

ಆ ಸಂಜೆಯೇ ಏವಾ ಕಿಟಕಿಯಿಂದ ಮನೆಯ ಪಕ್ಕದ ಹುಲ್ಲುಗಾವಲು ತೋರಿಸಿದಳು. ಅಲ್ಲಿ ಅವಳೂ ಗಂಡನೂ ಮನೆ ಕಟ್ಟುವವರಿದ್ದರು. ಕರಡು ನಕ್ಷೆಯಲ್ಲಿ ಆ ಜಾಗ ಹಳದಿ. ಅಡುಗೆಮನೆಗೆ ಬೆಳಗಿನ ಬಿಸಿಲು ಬರುವ ಹಾಗೆ ನಕಾಶೆ ಬರೆಸಿಟ್ಟುಕೊಂಡಿದ್ದಳು. ಅದನ್ನು ಬಿಚ್ಚಿ, ಇದು ಅಮ್ಮ ಬಂದು ಕೂರುವ ಜಗಲಿ ಎಂದು ಬೆರಳಿಟ್ಟು ತೋರಿಸಿದಳು.

ನಾಲ್ಕನೇ ದಿನ: ಮರ

ನನ್ನ ಬಾಯಿ ನನಗೆ ಶತ್ರು ಎಂದು ನನ್ನ ಗಂಡ ಆಗಾಗ ಹೇಳುವುದುಂಟು. ನಾಲ್ಕನೇ ದಿನ ಅದು ನಿಜವಾಯಿತು.

ಆ ಹುಲ್ಲುಗಾವಲಿನಲ್ಲಿ ಒಂದು ಹಳೆಯ ಮೇಪಲ್ ಮರವಿತ್ತು. ಮಾರ್ಟಿನ್ ಬೇರೆ ಮರಗಳ ಗಾಯ ತೋರಿಸುತ್ತಾ ಅದನ್ನು ದಾಟಿ ಮುಂದೆ ಹೋದ, ಅದಕ್ಕೆ ಗಾಯವಿರಲಿಲ್ಲ. ನಾನು ನಿಂತೆ. ಮರಕ್ಕೆ ಬುಡವೇ ಇರಲಿಲ್ಲ. ಯಾವ ಮರವಾದರೂ ನೆಲ ಮುಟ್ಟುವ ಕಡೆ ಅಗಲವಾಗಿ, ಬೇರು ಚಾಚಿ ನಿಲ್ಲುತ್ತದೆ. ಇದು ನೆಟ್ಟ ಕಂಬದ ಹಾಗೆ ನೇರ ಮಣ್ಣೊಳಗೆ ಇಳಿದಿತ್ತು.

ಇಂಥ ಮರಗಳನ್ನು ನಾನು ನೂರಾರು ನೋಡಿದ್ದೇನೆ. ನಮ್ಮ ಕೆರೆ ಅಂಗಳದ ಜಾಲಿ ಮರಗಳೆಲ್ಲ ಹೀಗೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಂಡಿಕಲ್ ಕಡೆಯ ಒಬ್ಬ ನೀರುಗಂಟಿ, ಎಂದರೆ ಕೆರೆಯ ತೂಬು ನೋಡಿಕೊಳ್ಳುವ ಮುದುಕ, ನನಗೆ ಇದನ್ನು ಕಲಿಸಿದ್ದ. "ಮರದ ಕಾಲು ಕಾಣ್ತಾ ಇಲ್ಲ ಅಂದ್ರೆ ಮಣ್ಣು ಮೇಲಕ್ಕೆ ಬಂದೈತೆ ಅಂತ ತಿಳ್ಕೊ ಅಮ್ಮಣ್ಣಿ. ಕಾಲು ಸಿಗೋ ಗಂಟ ತೆಗ್ಸು, ಅಲ್ಲೈತೆ ನಿನ್ನ ಕೆರೆ" ಎಂದಿದ್ದ. ಅಲ್ಲಿಂದ ಇಲ್ಲಿಯವರೆಗೆ ಹೂಳಿನ ಆಳವನ್ನು ಮೊದಲು ಜಾಲಿ ಮರ ನೋಡಿ ಅಂದಾಜು ಮಾಡಿ, ಆಮೇಲೆ ಅಳತೆ ಹಿಡಿಸುವುದು ನನ್ನ ಪದ್ಧತಿ.

ನಾಲ್ಕು ದಿನದಿಂದ ಏನೂ ತಿಳಿಯದವಳಂತೆ ತಲೆಯಾಡಿಸಿ ಸಾಕಾಗಿತ್ತು. ಕೊನೆಗೂ ನನಗೆ ಗೊತ್ತಿರುವ ಒಂದು ಸಂಗತಿ ಸಿಕ್ಕಿತಲ್ಲ ಎಂಬ ಖುಷಿಗೆ ಅಲ್ಲಿಂದಲೇ ಕೂಗಿ ಹೇಳಿದೆ. ಮಾರ್ಟಿನ್, ಈ ಮರ ಹೂತುಹೋಗಿದೆ, ನೋಡು. ಅವನು ಬಂದ, ಬಗ್ಗಿದ, ಕೈಯಿಂದ ಹುಲ್ಲು ಸರಿಸಿದ. ತಲೆ ಎತ್ತಿದಾಗ ಅವನ ಮುಖದಲ್ಲಿ ನನ್ನ ಖುಷಿ ಇರಲಿಲ್ಲ. ಬೇಲಿಯ ಆಚೆ ಬಟ್ಟೆ ಒಣಹಾಕುತ್ತಿದ್ದ ಏವಾ ನಮ್ಮನ್ನೇ ನೋಡುತ್ತಿದ್ದಳು.

ಐದನೇ ದಿನ: ಗುಂಡಿ

ಆನ್ನಮ್ಮನ ಅನುಮತಿ ಕೇಳಿ ಮರದ ಪಕ್ಕ ಗುಂಡಿ ತೋಡಿದೆವು. ಮಾರ್ಟಿನ್ ಮತ್ತು ಶಫಿ ಸರದಿಯ ಮೇಲೆ ಅಗೆದರು. ಮೊದಲು ಗೇಣು ಮಣ್ಣು, ಆಮೇಲೆ ಮೊಳದಷ್ಟು ಜಲ್ಲಿ, ಆಮೇಲೆ ಬೆರಳಗಲದ ಕಪ್ಪು ಗೆರೆ. ಒಂದು ಕಾಲದಲ್ಲಿ ಹುಲ್ಲು ಬೆಳೆದಿದ್ದ ಮೇಲ್ಮಣ್ಣು ಅದು. ಅದರ ಕೆಳಗೆ ಮತ್ತೆ ಜಲ್ಲಿ, ಮತ್ತೆ ಕಪ್ಪು ಗೆರೆ. ಶಫಿಯವರ ಎದೆಮಟ್ಟಕ್ಕೆ ಹೋದಾಗ ಮರದ ಕಾಲು ಸಿಕ್ಕಿತು.

ಅರ್ಥ ಸರಳವಾಗಿತ್ತು. ಈ ಮರ ಹುಟ್ಟಿದ ಮೇಲೆ ಹೊಳೆ ಎರಡು ಸಲ ಇಲ್ಲಿಗೆ ಬಂದು ಕಲ್ಲು ಸುರಿದು ಹೋಗಿದೆ. ಮಾರ್ಟಿನ್ ಗುಂಡಿಯ ಅಂಚಿನಲ್ಲಿ ಕೂತು ಪದರಗಳ ಅಳತೆ ಬರೆದುಕೊಂಡ. ಆಮೇಲೆ ಆನ್ನಮ್ಮನ ಅಡುಗೆಮನೆಗೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು ನಿಂತು, ಈ ಜಾಗ ಕೆಂಪಾಗುತ್ತದೆ ಎಂದು ಅವನೇ ಹೇಳಿದ. ನಿಮ್ಮ ಮನೆಯೂ ಕೆಂಪಿನೊಳಗೇ ಬರುತ್ತದೆ, ಹಳೆಯ ಮನೆಯಾದ್ದರಿಂದ ಯಾರೂ ಏಳಿಸುವುದಿಲ್ಲ, ಆದರೆ ಪಕ್ಕದಲ್ಲಿ ಹೊಸದು ಕಟ್ಟುವ ಹಾಗಿಲ್ಲ ಎಂದ.

ಏವಾ ಅಳಲಿಲ್ಲ, ರೇಗಲಿಲ್ಲ. ಅಂದು ಸೂಪು ಬಡಿಸಿದಳು, ತಾನು ಮಾತ್ರ ನಮ್ಮ ಜತೆ ಕೂರಲಿಲ್ಲ. ನನಗೆ ಆ ಮನೆಯ ಉಪ್ಪು ತಿಂದು ಆ ಮನೆಗೇ ಕಲ್ಲು ಹಾಕಿದೆನಲ್ಲ ಎನಿಸಿತು.

"ಸುಳ್ಳು ಹೇಳಿದ್ವಾ ಮೇಡಂ? ಇಲ್ವಲ್ಲ" ಎಂದರು ಶಫಿ. "ಗುಂಡೀಲಿ ಇದ್ದಿದ್ದು ಇತ್ತು. ನೀವು ನೋಡ್ದೆ ಇದ್ರೆ ಇಲ್ದೆ ಹೋಗ್ತಿತ್ತಾ?"

"ನಿಜಾನೇ ಹೇಳಿದ್ದು ಶಫಿ. ಕೂಗಿ ಹೇಳಿದ್ನಲ್ಲ, ಅದು ತಪ್ಪು."

ಶಫಿಯವರು ತಮ್ಮ ತಟ್ಟೆಯ ಆಲೂಗಡ್ಡೆಯಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿದರು.

ಹೊಳೆ ಕಡೆಯ ಕೋಣೆ

ಎರಡು ದಿನದ ಮೇಲೆ ಆನ್ನಮ್ಮ ತಾನಾಗಿ ನನ್ನ ಕೈ ಹಿಡಿದು ಕೆಳ ಅಂತಸ್ತಿನ ತನ್ನ ಕೋಣೆಗೆ ಕರೆದುಕೊಂಡು ಹೋದಳು. ಏವಾ ಜತೆಗಿದ್ದಳು. ಕೋಣೆಯ ಕಿಟಕಿ ನೇರ ಹೊಳೆಗೆ ತೆರೆದಿತ್ತು, ಮಂಚದ ತಲೆಭಾಗ ಕಿಟಕಿಗೆ ತಾಗಿತ್ತು. ಕೋಣೆ ತುಂಬ ಹೊಳೆಯ ಸದ್ದು.

ಈ ಮನೆಯಲ್ಲಿ ಹಿರಿಯ ಹೆಂಗಸು ಮಲಗುವುದು ಈ ಕೋಣೆಯಲ್ಲೇ ಎಂದು ಹೇಳಿದಳು. ಅವಳ ಅತ್ತೆ ಮಲಗುತ್ತಿದ್ದಳು, ಅತ್ತೆಯ ಅತ್ತೆ ಮಲಗುತ್ತಿದ್ದಳು. ಮೇಲೆ ಕಣಿವೆಯಲ್ಲಿ ಮಣ್ಣೋ ದಿಮ್ಮಿಯೋ ಜರಿದು ಹೊಳೆಗೆ ಅಡ್ಡ ಕಟ್ಟಿದರೆ ಕೆಳಗೆ ನೀರು ಇಳಿಯುತ್ತದೆ, ಸದ್ದು ನಿಲ್ಲುತ್ತದೆ. ಕಟ್ಟಿಕೊಂಡದ್ದು ಒಡೆದಾಗ ಎಲ್ಲ ಒಟ್ಟಿಗೆ ಬರುತ್ತದೆ. ಸದ್ದಿಗೆ ಒಗ್ಗಿದವರಿಗೆ ಸದ್ದು ನಿಂತರೆ ಎಚ್ಚರವಾಗುತ್ತದೆ. "ನಮ್ಮತ್ತೆ ಒಂದ್ಸಲ ಹಂಗೇ ಎದ್ದು ಎಲ್ಲಾರ್ನೂ ಗುಡ್ಡಕ್ಕೆ ಹತ್ತಿಸಿದ್ರಂತೆ. ಹೊಳೆ ಕೊಟ್ಟಿಗೇನ ಮಾತ್ರ ತಗೊಂಡು ಹೋಯ್ತಂತೆ" ಎಂದಳು ಆನ್ನಮ್ಮ.

ಇದು ನನಗೆ ಗೊತ್ತಿದ್ದ ಸಂಗತಿ. ನಾನು ಜಂಗಮಕೋಟೆಯ ಹತ್ತಿರ ಬೆಳೆದವಳು, ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಕೊನೆಯ ಸಲ ಪೊರೆ ಕಳಚಿ, ನಮ್ಮ ಕಡೆ ಹೇಳುವಂತೆ ಕೊನೆಯ ಜ್ವರ ಎದ್ದ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಹಿಡಿದ ಹಾಗೆ ಇರುತ್ತದೆ. ನಮ್ಮಮ್ಮ ಹುಳುವಿನ ತಟ್ಟೆಗಳ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದಳು. ಆ ಸದ್ದು ಕಡಿಮೆಯಾದರೆ ಸಾಕು, ಸೊಪ್ಪು ಮುಗಿಯಿತು ಎಂದು ತಟ್ಟನೆ ಎದ್ದು ಕೂರುತ್ತಿದ್ದಳು. ಇದನ್ನು ಏವಾ ತಿರುಗಿಸಿ ಹೇಳಿದಾಗ ಆನ್ನಮ್ಮ ಅವಳ ಮುಖವನ್ನೇ ನೋಡುತ್ತಾ ಕೇಳಿ, ಆಮೇಲೆ ನನ್ನ ಕೆನ್ನೆ ತಟ್ಟಿದಳು.

ಆಗ ಏವಾ ಕೇಳಿದಳು, ಇದನ್ನು ತಕರಾರಿನಲ್ಲಿ ಬರೆಯಬಹುದಾ ಎಂದು.

ಯಾಕಾಗಬಾರದು ಎಂದೆ. ಕೂಗಿ ಕೆಡಿಸಿದ್ದನ್ನು ಬರೆದು ಸರಿಮಾಡುವ ದಾರಿ ಸಿಕ್ಕಿತೆಂದು ನನಗೆ ಆಸೆಯಾಯಿತು. ಅಡುಗೆಮನೆಯ ಮೇಜಿನ ಮೇಲೆ ಕೂತು ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಟ್ಟೆ, ಏವಾ ಅದನ್ನು ತನ್ನ ಭಾಷೆಗೆ ತಿರುಗಿಸಿಕೊಂಡಳು. ಈ ಮನೆಯಲ್ಲಿ ಹೊಳೆಗೆ ಕಿವಿಕೊಟ್ಟು ಮಲಗುವವರು ತಲೆಮಾರುಗಳಿಂದ ಇದ್ದಾರೆ, ಈಗಲೂ ಇದ್ದಾರೆ, ಸದ್ದು ನಿಂತ ಕೂಡಲೇ ಮನೆಯವರೆಲ್ಲ ಮೇಲಕ್ಕೆ ಹೋಗುತ್ತಾರೆ, ಆದ್ದರಿಂದ ಪಕ್ಕದ ಜಾಗವನ್ನು ಹಳದಿಯಲ್ಲೇ ಉಳಿಸಿಕೊಡಬೇಕು ಎಂದು. ಚೆನ್ನಾಗಿ ಬರೆದಿದ್ದೆ. ಈಗ ನೆನೆದರೆ ಅದೇ ಹೆದರಿಕೆ.

ಮಾರ್ಟಿನ್ ಓದಿ ತಲೆ ಕೆರೆದುಕೊಂಡ. "ಕಿವಿಯನ್ನು ನಕ್ಷೆಯಲ್ಲಿ ಯಾವ ಬಣ್ಣದಲ್ಲಿ ಬರೆಯಲಿ ರತ್ನಾ?"

"ಮರಕ್ಕೆ ಸಾಕ್ಷಿ ಹೇಳುವ ಹಕ್ಕಿದ್ದರೆ ಹೆಂಗಸಿನ ಕಿವಿಗೆ ಯಾಕಿಲ್ಲ?" ಎಂದು ಜೋರಾಗೇ ಕೇಳಿದೆ. ಶಫಿಯವರು ನನ್ನ ಜತೆ ಹೊರಗೆ ಬಂದ ಮೇಲೆ ಮಾತ್ರ, "ಮೇಡಂ, ಇವತ್ತು ಆಯಮ್ಮ ಇದ್ದಾರೆ. ಮನೆ ನೂರು ವರ್ಷ ಇರುತ್ತೆ" ಎಂದರು. ನಾನು ಕೇಳಿಸದವಳಂತೆ ಮುಂದೆ ನಡೆದೆ.

ಒಂಬತ್ತನೇ ದಿನ: ವಿಚಾರಣೆ

ಪಂಚಾಯಿತಿ ಕಚೇರಿಯ ಮೇಲಿನ ಕೋಣೆ. ಗೋಡೆಯ ಮೇಲೆ ನಕ್ಷೆ, ಮೇಜಿನ ಆಚೆ ಊರಿನ ಅಧ್ಯಕ್ಷ ಮತ್ತು ಇಬ್ಬರು ಅಧಿಕಾರಿಗಳು, ಈಚೆ ಬೆಂಚುಗಳಲ್ಲಿ ಊರಿನ ಹತ್ತಿಪ್ಪತ್ತು ಜನ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಒಟ್ಟಿಗೆ ಮಾತಾಡುತ್ತಿದ್ದರು. ಇಲ್ಲಿ ಕೈ ಎತ್ತಿ, ಸರದಿ ಕಾದು, ಮೆಲ್ಲಗೆ ಜಗಳವಾಡಿದರು. ಒಬ್ಬನ ಸೇಬಿನ ತೋಟದ ಗೆರೆ ಸರಿಯಿಲ್ಲ, ಇನ್ನೊಬ್ಬನ ಗ್ಯಾರೇಜಿಗೆ ಗೋಡೆ ಕಟ್ಟಬೇಕೆಂದು ಯಾಕೆ ಹೇಳಿದಿರಿ, ಹೀಗೆ.

ಏವಾ ನನ್ನ ಮತ್ತು ಶಫಿಯವರ ನಡುವೆ ಕೂತು, ನಡೆದದ್ದನ್ನೆಲ್ಲ ಪಿಸುಮಾತಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು. ಅವರ ತಕರಾರಿನ ಸರದಿ ಬಂದಾಗ ಅಧ್ಯಕ್ಷ ಪುಟವನ್ನು ಓದಿದ. ಬೆಂಚುಗಳಲ್ಲಿ ಕೆಲವರು ತಲೆದೂಗಿದರು, ಆ ಮನೆಯ ಹೆಂಗಸರ ಸಂಗತಿ ಊರಿಗೆಲ್ಲ ಗೊತ್ತಿದ್ದದ್ದೇ. ಒಬ್ಬ ಅಧಿಕಾರಿ, ಇದನ್ನು ದಾಖಲೆ ಮಾಡಬೇಕಾದರೆ ಅವರೇ ಹೇಳಬೇಕು ಎಂದ. ಆನ್ನಮ್ಮ ಎದ್ದು ನಿಂತಳು. ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದಳು.

"ನಮ್ಮತ್ತೆ ಆ ಕೋಣೇಲಿ ಮಲಗ್ತಿದ್ರು. ಅವರಾದ ಮೇಲೆ ನಾನು. ಈ ಕಾಗದದಲ್ಲಿ ಬರ್ದಿರೋದು ಎಲ್ಲಾ ನಿಜ, ಒಂದು ಬಿಟ್ಟು" ಎಂದಳು.

ಏವಾ ಅಷ್ಟನ್ನು ಹೇಳಿ, ಯಾವುದದು ಎಂಬಂತೆ ಅಮ್ಮನ ಕಡೆ ನೋಡಿದಳು.

"ಎರಡು ಚಳಿಗಾಲ ಕಳೀತು, ನಂಗೆ ಹೊಳೆ ಕೇಳಿಸ್ತಾ ಇಲ್ಲ."

ಇದನ್ನೂ ಏವಾ ನಮಗೆ ತಿರುಗಿಸಿ ಹೇಳಿದಳು. ಹೇಳಿ ಮುಗಿದ ಮೇಲೆಯೇ ಅವಳಿಗೆ ಅರ್ಥವಾದದ್ದು. ನನ್ನ ತೋಳಿನ ಮೇಲಿದ್ದ ಅವಳ ಕೈ ಬಿಗಿಯಾಯಿತು. ಆನ್ನಮ್ಮ ನಿಲ್ಲಿಸಲಿಲ್ಲ. ಏವಾಳೂ ನಿಲ್ಲಿಸಲಿಲ್ಲ, ಯಾಕೆಂದು ನನಗೆ ಇಂದಿಗೂ ತಿಳಿಯದು. ಒಂದೊಂದೇ ಮಾತನ್ನು ಇಂಗ್ಲಿಷಿಗೆ ಹಾಕುತ್ತಾ ಹೋದಳು.

"ಎದುರಿಗೆ ಕೂತಿರೋರ ಮಾತು ಮುಖ ನೋಡಿ ತಿಳ್ಕೊತೀನಿ. ಹೊಳೆಗೆ ಮುಖ ಇಲ್ವಲ್ಲ. ಯಾರ್ಗೂ ಹೇಳ್ಲಿಲ್ಲ. ಹೇಳಿದ್ರೆ ಆ ಕೋಣೆ ಬಿಡ್ಬೇಕಾಗುತ್ತೆ, ಬಿಟ್ರೆ ಮನೇಲಿ ನಾನು ಇದ್ದೂ ಇಲ್ದಂಗೆ ಅಂತ ಅಂದ್ಕೊಂಡೆ. ಮಲಗಿದ್ರೆ ಗೊತ್ತಾಗಲ್ಲ ಅಂತ ಮಲಗೋದೇ ಬಿಟ್ಟೆ. ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು, ಟಾರ್ಚ್ ಬಿಟ್ಟು ನೀರು ನೋಡ್ತಾ ಕೂತಿರ್ತೀನಿ. ಒಂದೊಂದ್ಸಲ ಕಣ್ಣು ಮುಚ್ಚಿಹೋಗುತ್ತೆ. ಬಿಟ್ರೆ ಬೆಳಕಾಗಿರುತ್ತೆ. ಮೇಲೆ ನನ್ನ ಮೊಮ್ಮಗಳು ಮಲಗಿರ್ತಾಳೆ."

ಕೋಣೆಯಲ್ಲಿ ಯಾರೂ ಕೈ ಎತ್ತಲಿಲ್ಲ.

"ಎಲ್ಲಾರೂ ನನ್ನ ನಂಬ್ಕೊಂಡು ಮಲಗಿದ್ರು" ಎಂದಳು ಆನ್ನಮ್ಮ. "ಕೆಂಪು ಹಾಕು ಮಾರ್ಟಿನ್."

ಏವಾ ಕೊನೆಯ ಮಾತನ್ನು ತಿರುಗಿಸಲಿಲ್ಲ, ತಿರುಗಿಸದೆಯೇ ಅದು ನನಗೆ ತಿಳಿಯಿತು. ಎದ್ದು ಹೋಗಿ ಅಮ್ಮನ ಎದುರಿಗೆ, ಮುಖ ಕಾಣುವ ಹಾಗೆ ನಿಂತು ಏನೋ ಹೇಳಿದಳು. ಇಬ್ಬರೂ ಅಪ್ಪಿಕೊಂಡು ನಿಂತರು. ನನಗೆ ಅಳು ಬಂತು. ಶಫಿಯವರು ಕರವಸ್ತ್ರ ಕೊಟ್ಟು, ತಾವು ಕಿಟಕಿಯ ಹೊರಗೆ ನೋಡುತ್ತಾ ಕೂತರು. ಎಲ್ಲ ಮುಗಿದ ಮೇಲೆ ಮಾರ್ಟಿನ್ ನಾನು ಬರೆದ ಪುಟವನ್ನು ನನ್ನ ಕೈಗೆ ವಾಪಸು ಕೊಟ್ಟ. ಬೈದು ಒಂದು ಮಾತು ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಹತ್ತನೇ ದಿನ

ವಿಚಾರಣೆಯ ದಿನ ಊಟವಾದ ಮೇಲೆ ಮಂಚ ಸಾಗಿಸಿದೆವು. ಗಟ್ಟಿ ಮರದ ಹಳೆಯ ಮಂಚ, ನಾಲ್ಕು ಮೂಲೆಗೆ ನಾಲ್ವರು: ಮಾರ್ಟಿನ್, ಶಫಿ, ಏವಾ, ನಾನು. ಮೇಲಿನ ಅಂತಸ್ತಿಗೆ, ಹೊಳೆಯಿಂದ ದೂರದ ಮೂಲೆಗೆ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆ ಹೆಣಗಾಡಿದೆವು. ಆನ್ನಮ್ಮ ಕೆಳಗೆ ನಿಂತು ಆ ಕಡೆ ಎತ್ತಿ, ಈ ಕಡೆ ಇಳಿಸಿ ಎಂದು ಕೈಯಲ್ಲಿ ಹೇಳುತ್ತಿದ್ದಳು. ಮೇಲೆ ಕಣಿವೆಯ ಬಾಯಲ್ಲಿ ಹೊಳೆಗೆ ಅಡ್ಡ ಒಂದು ತಂತಿ ಕಟ್ಟಿ, ಅದು ಕಿತ್ತರೆ ಊರಲ್ಲಿ ಸೈರನ್ ಕೂಗುವ ಹಾಗೆ ಮಾಡುವ ವಿಚಾರವನ್ನು ಮಾರ್ಟಿನ್ ಅಧ್ಯಕ್ಷರ ಮುಂದಿಟ್ಟಿದ್ದ. ಅದು ಆಗುವವರೆಗೆ ಮಳೆಯ ದಿನ ಏವಾ ಮಗುವನ್ನೂ ಆನ್ನಮ್ಮನನ್ನೂ ಕರೆದುಕೊಂಡು ಊರ ಮೇಲಿನ ಗುಡ್ಡದಲ್ಲಿರುವ ಗಂಡನ ಅಣ್ಣನ ಮನೆಗೆ ಹೋಗುವುದೆಂದಾಯಿತು.

ಏವಾಳ ಹೊಸ ಮನೆಗೆ ಉಳಿದದ್ದು ಗುಡ್ಡದ ಪಕ್ಕದ ಒಂದು ತುಂಡು ನೆಲ. ನಕ್ಷೆಯಲ್ಲಿ ಅಲ್ಲಿಗೆ ಬಣ್ಣವಿಲ್ಲ, ಚಳಿಗಾಲದಲ್ಲಿ ಬಿಸಿಲೂ ಇಲ್ಲ. ಅವಳು ಮನೆಯ ನಕಾಶೆಯನ್ನು ಸುತ್ತಿ ಬೀರುವಿನಲ್ಲಿಟ್ಟಳು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ, ಬೇಡ, ನೀನು ಮರ ನೋಡದಿದ್ದರೆ ಅಮ್ಮ ಇನ್ನೂ ಕುರ್ಚಿಯಲ್ಲೇ ಇರುತ್ತಿದ್ದಳು ಎಂದಳು. ಆದರೂ ಅವಳ ದನಿಯಲ್ಲಿ ಬೇಸರವಿತ್ತು, ಇಲ್ಲ ಎಂದು ನಾನು ಬರೆಯಲಾರೆ.

ನಾವು ಹೊರಡುವ ಬೆಳಿಗ್ಗೆ ಏಳಾಯಿತು, ಎಂಟಾಯಿತು, ಆನ್ನಮ್ಮ ಕೆಳಗೆ ಬರಲಿಲ್ಲ. ಐದಕ್ಕೇ ಒಲೆ ಹಚ್ಚುವ ಹೆಂಗಸು. ಏವಾ ಗಾಬರಿಯಿಂದ ಮೇಲೆ ಓಡಿದಳು, ಹಿಂದೆ ನಾನೂ ಹೋದೆ. ಕೋಣೆಯ ತುಂಬ ಬಿಸಿಲು ಬಂದಿತ್ತು. ಆನ್ನಮ್ಮ ಬಾಯಿ ತೆರೆದು, ಒಂದು ಕೈ ಮಂಚದಿಂದ ಕೆಳಗೆ ಬಿಟ್ಟು, ಗೊರಕೆ ಹೊಡೆಯುತ್ತಿದ್ದಳು.

ಏವಾ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಹೊರಗೆ ಕರೆದಳು. ಇಬ್ಬರೂ ತುದಿಗಾಲಲ್ಲಿ ಮೆಟ್ಟಿಲಿಳಿದೆವು. ಶಫಿಯವರು ಮಾತಿಗೆ ಬಾಯಿ ತೆರೆದಾಗ ನಾನು ಸುಮ್ಮನಿರಿ ಎಂದು ಸನ್ನೆ ಮಾಡಿದೆ. ಮೂವರೂ ಚಮಚ ತಟ್ಟೆಗೆ ತಾಗದ ಹಾಗೆ, ಕುರ್ಚಿ ಎಳೆದ ಸದ್ದಾಗದ ಹಾಗೆ, ಕಿವಿ ಕೇಳದ ಆ ಹೆಂಗಸಿಗೆ ಎಚ್ಚರವಾಗದಿರಲಿ ಎಂದು ಪಿಸುಮಾತನ್ನೂ ಆಡದೆ ತಿಂಡಿ ತಿಂದೆವು.